ಪರದೆಯ ಮೇಲಿನ ಹಳದಿ: ಪಿಕ್ಚರ್ ಟ್ಯೂಬ್ ಮತ್ತು ತಾರ್ಕಿಕರ ಚಿತ್ರರೂಪ

ಬಣ್ಣದ ಟಿವಿಯ ಪಿಕ್ಚರ್ ಟ್ಯೂಬಿನಲ್ಲಿ ಹಳದಿ ಬಣ್ಣವೇ ಇರುವುದಿಲ್ಲ. ಗಾಜಿನ ಒಳಮೈಗೆ ಬಳಿದಿರುವುದು, ಎಲೆಕ್ಟ್ರಾನ್ ಕಿರಣ ಬಡಿದಾಗ ಹೊಳೆಯುವ ಮೂರೇ ಬಗೆಯ ಫಾಸ್ಫರ್ ಪುಡಿ. ಒಂದು ಕೆಂಪಾಗಿ, ಒಂದು ಹಸಿರಾಗಿ, ಇನ್ನೊಂದು ನೀಲಿಯಾಗಿ ಹೊಳೆಯುತ್ತದೆ. ಆದರೂ ಪರದೆಯ ಮೇಲೆ ಅರಿಸಿನ, ಚೆಂಡುಹೂವು, ಮಾಗಿದ ಮಾವು ಎಲ್ಲವೂ ಹಳದಿಯಾಗಿಯೇ ಕಾಣುತ್ತವೆ. ಟಿವಿ ನಡೆಯುತ್ತಿರುವಾಗ ಗಾಜಿನ ಮೇಲೆ ಒಂದು ಹನಿ ನೀರು ಚಿಮುಕಿಸಿದರೆ ಆ ಹನಿ ಭೂತಗನ್ನಡಿಯ ಕೆಲಸ ಮಾಡುತ್ತದೆ. ಅರಿಸಿನ ಕಾಣುತ್ತಿದ್ದ ಜಾಗದಲ್ಲಿ ಕೆಂಪು, ಹಸಿರು ಚುಕ್ಕೆಗಳು ಒತ್ತೊತ್ತಾಗಿ ಬೆಳಗುತ್ತಿರುತ್ತವೆ, ಪಕ್ಕದ ನೀಲಿ ಚುಕ್ಕೆ ಆರಿರುತ್ತದೆ. ಹನಿಯನ್ನು ಒರೆಸಿ ನಾಲ್ಕು ಹೆಜ್ಜೆ ಹಿಂದೆ ಸರಿದರೆ ಮತ್ತೆ ಅದೇ ಹಳದಿ. ಈ ಹಳದಿ ಗಾಜಿನಲ್ಲಿದೆಯೇ, ಕಣ್ಣಿನಲ್ಲಿದೆಯೇ, ಎರಡೂ ಸೇರಿದಾಗ ಹುಟ್ಟುತ್ತದೆಯೇ, ಅಥವಾ ಅದು ಬರಿಯ ಭ್ರಮೆಯೇ?

ಪ್ರಶ್ನೆ ಟಿವಿಗಿಂತ ಬಹಳ ಹಳೆಯದು. ಭಾರತೀಯ ತರ್ಕದಲ್ಲಿ ಇದರ ಹೆಸರು ಚಿತ್ರರೂಪ. ಅಲ್ಲಿ ‘ರೂಪ’ ಎಂದರೆ ಬಣ್ಣ, ‘ಚಿತ್ರ’ ಎಂದರೆ ಬಗೆಬಗೆಯ ಬಣ್ಣ ಕೂಡಿದ್ದು. ಸಂಸ್ಕೃತ ಪಾಠಶಾಲೆಗಳಲ್ಲಿ ಇಂದಿಗೂ ತರ್ಕದ ಮೊದಲ ಪುಸ್ತಕವಾಗಿರುವ ‘ತರ್ಕಸಂಗ್ರಹ’ ರೂಪವನ್ನು ಏಳು ಬಗೆಯಾಗಿ ಎಣಿಸುತ್ತದೆ: ಬಿಳಿ, ನೀಲಿ, ಹಳದಿ, ಕೆಂಪು, ಹಸಿರು, ಕಪಿಶ (ಕಂದು) ಮತ್ತು ಚಿತ್ರ. ಇದನ್ನು ಬರೆದ 17ನೆಯ ಶತಮಾನದ ಅನ್ನಂಭಟ್ಟ ತೆಲುಗು ನಾಡಿನವನೆಂದು ಪರಂಪರೆ ಹೇಳುತ್ತದೆ. ಮೊದಲ ಆರರ ಬಗ್ಗೆ ಹೆಚ್ಚಿನ ಜಗಳವಿಲ್ಲ. ಹಲವು ಬಣ್ಣದ ನೂಲಿನಿಂದ ನೆಯ್ದ ಬಟ್ಟೆಗೆ ತನ್ನದೇ ಆದ ಒಂದು ಏಳನೆಯ ಬಣ್ಣವಿದೆ ಎಂಬ ಮಾತಿಗೆ ಮಾತ್ರ ಶತಮಾನಗಳ ಕಾಲ ವಾದ ನಡೆಯಿತು.

ಆ ವಾದಕ್ಕೆ ಉದಾಹರಣೆ ಕಣ್ಣೆದುರಿಗೇ ಸಿಗುವುದು ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಇಟಿಕ್ಯಾಲ, ಗದ್ವಾಲ, ಆಲಂಪುರಗಳ ಸೀಮೆಯಲ್ಲಿ. ಕನ್ನಡ, ತೆಲುಗು ಎರಡೂ ಕಿವಿಗೆ ಬೀಳುವ ಈ ಪ್ರದೇಶ ಹಿಂದೆ ಮಹಬೂಬ್‌ನಗರ ಜಿಲ್ಲೆಗೆ ಸೇರಿತ್ತು, 2016ರಿಂದ ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆಯಲ್ಲಿದೆ. ಪಂಡಿತರನ್ನು ಸಾಕಿದ ಸಂಸ್ಥಾನವೆಂದು ‘ವಿದ್ವದ್ಗದ್ವಾಲ’ ಎಂಬ ಹೆಸರೂ ಗದ್ವಾಲಕ್ಕಿದೆ. ಇಲ್ಲಿನ ಸೀರೆಯ ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಒಡಲಿಗೊಂದು, ಎರಡು ಅಂಚಿಗೆ ಒಂದೊಂದು, ಹೀಗೆ ಮೂರು ಲಾಳಿ ಓಡುತ್ತವೆ. ಒಡಲಿನ ಹೊಕ್ಕು ಅಂಚಿನ ಹೊಕ್ಕನ್ನು ಮುಟ್ಟುವ ಕಡೆ ಒಂದು ನೂಲು ಇನ್ನೊಂದನ್ನು ತೊಡರಿಕೊಂಡು ತಿರುಗುತ್ತದೆ. ಬೆರಳಾಡಿಸಿದರೆ ಆ ಗೆರೆ ಸಣ್ಣಗೆ ಏರಿದಂತೆ ಸಿಗುತ್ತದೆ. ಅಲ್ಲಿ ಎರಡು ಬಣ್ಣ ಗಡಿ ಹಾಕಿಕೊಂಡು ನಿಲ್ಲುತ್ತವೆ, ಬೆರೆಯುವುದಿಲ್ಲ. ಅದೇ ಮಗ್ಗದಲ್ಲಿ ಹಾಸುನೂಲಾಗಿ ಕೆಂಪು, ಹೊಕ್ಕುನೂಲಾಗಿ ಹಸಿರು ಹಾಕಿ ನೆಯ್ದರೆ ಇನ್ನೊಂದು ಸಂಗತಿ ನಡೆಯುತ್ತದೆ. ಅಂಗಡಿಯವರು ‘ಡಬಲ್ ಶೇಡ್’ ಎಂದು ಕರೆಯುವ ಬಟ್ಟೆ ಅದು. ದೂರದಿಂದ ಕೆಂಪೂ ಅಲ್ಲದ, ಹಸಿರೂ ಅಲ್ಲದ ಮೂರನೆಯ ಬಣ್ಣ ಕಾಣುತ್ತದೆ, ಮಡಿಕೆ ತಿರುಗಿಸಿದಾಗ ಅದೂ ಬದಲಾಗುತ್ತದೆ. ಆ ಬಣ್ಣದ ನೂಲು ಮಗ್ಗದಲ್ಲಿ ಎಲ್ಲೂ ಇಲ್ಲ.

ಅನ್ನಂಭಟ್ಟ ಸೇರಿದ ನ್ಯಾಯ–ವೈಶೇಷಿಕ ಪರಂಪರೆಯ ತಾರ್ಕಿಕರಿಗೆ ಇಲ್ಲಿ ತೊಡಕು ಹುಟ್ಟಿದ್ದು ಅವರದೇ ಎರಡು ನಿಯಮಗಳಿಂದ. ಬಟ್ಟೆ ಎಂಬುದು ನೂಲುಗಳ ರಾಶಿಯಲ್ಲ, ನೂಲುಗಳಿಂದ ಹುಟ್ಟಿದ ಬೇರೆಯೇ ಒಂದು ವಸ್ತು, ಒಂದು ಅವಯವಿ ಎಂಬುದು ಮೊದಲನೆಯದು. ಬಣ್ಣವು ತಾನಿರುವ ವಸ್ತುವನ್ನು ಪೂರ್ತಿಯಾಗಿ ವ್ಯಾಪಿಸಿರಬೇಕು ಎಂಬುದು ಎರಡನೆಯದು. ಎರಡನ್ನೂ ಒಪ್ಪಿದರೆ ಬಣ್ಣಬಣ್ಣದ ಸೀರೆಯನ್ನು ಕೆಂಪೆನ್ನಲಾಗದು, ಕೆಂಪು ಅದನ್ನು ಪೂರ್ತಿ ತುಂಬಿಲ್ಲ. ಹಸಿರೆನ್ನಲೂ ಆಗದು. ಬಣ್ಣವೇ ಇಲ್ಲ, ನೂಲಿನ ಬಣ್ಣವಷ್ಟೇ ಕಾಣುತ್ತದೆ ಎಂದರೆ ಸೀರೆ ಕಣ್ಣಿಗೆ ಕಾಣಲೇಬಾರದು, ಏಕೆಂದರೆ ಬಣ್ಣವಿಲ್ಲದ ದ್ರವ್ಯ ಕಣ್ಣಿಗೆ ವಿಷಯವಾಗದು. ಸೀರೆ ಕಾಣುತ್ತದೆ, ಆದ್ದರಿಂದ ಅದಕ್ಕೊಂದು ಬಣ್ಣವಿದೆ, ಅದೇ ಚಿತ್ರ. ಅನ್ನಂಭಟ್ಟ ತರ್ಕಸಂಗ್ರಹಕ್ಕೆ ತಾನೇ ಬರೆದ ‘ದೀಪಿಕೆ’ ಎಂಬ ಟೀಕೆಯಲ್ಲಿ ಈ ಸರಣಿಯನ್ನು ಕೆಲವೇ ವಾಕ್ಯಗಳಲ್ಲಿ ಮುಗಿಸುತ್ತಾನೆ. 16ನೆಯ ಶತಮಾನದ ಹೊತ್ತಿಗೆ ನವದ್ವೀಪದ ರಘುನಾಥ ಶಿರೋಮಣಿ ಎರಡನೆಯ ನಿಯಮವನ್ನೇ ಕೈಬಿಟ್ಟಿದ್ದ. ಬಣ್ಣ ವಸ್ತುವಿನ ಒಂದು ಭಾಗದಲ್ಲಿದ್ದು ಇನ್ನೊಂದು ಭಾಗದಲ್ಲಿ ಇಲ್ಲದಿರಬಹುದು, ಹಾಗಿರುವಾಗ ಏಳನೆಯ ಬಣ್ಣ ಬೇಡ ಎಂಬುದು ಅವನ ನಿಲುವು. ಇವರಿಗಿಂತ ಬಹಳ ಹಿಂದೆ, 7ನೆಯ ಶತಮಾನದಲ್ಲಿ, ಬೌದ್ಧ ಆಚಾರ್ಯ ಧರ್ಮಕೀರ್ತಿ ಪತಂಗದ ಬಣ್ಣಬಣ್ಣದ ರೆಕ್ಕೆಯನ್ನು ಮುಂದಿಟ್ಟು ಅವಯವಿಯ ಬುಡಕ್ಕೇ ಕೊಡಲಿ ಹಾಕಿದ್ದ. ಹಲವಾಗಿ ಕಾಣುವುದು ಒಂದು ವಸ್ತುವಾಗುವುದು ಹೇಗೆ? ಒಂದಾಗಿರುವುದು ತಿಳಿವು, ವಸ್ತುವಲ್ಲ.

ನೂಲಿನ ಬಟ್ಟೆಯಲ್ಲಿ ಈ ಮೂರು ನಿಲುವುಗಳಲ್ಲಿ ಯಾವುದು ಸರಿ ಎಂದು ಪರೀಕ್ಷಿಸುವುದು ಕಷ್ಟ. ಒಮ್ಮೆ ನೆಯ್ದ ಬಟ್ಟೆ ನೆಯ್ದಂತೆಯೇ ಇರುತ್ತದೆ. ಪಿಕ್ಚರ್ ಟ್ಯೂಬ್ ಹಾಗಲ್ಲ. 1928ರಿಂದ 1968ರ ವರೆಗಿನ 40 ವರ್ಷಗಳಲ್ಲಿ ಎಂಜಿನಿಯರುಗಳು ಮೂರು ಬಣ್ಣಗಳನ್ನು ಒಂದಾಗಿ ಕಾಣಿಸಲು ಒಂದಕ್ಕೊಂದು ಹೋಲದ ದಾರಿಗಳನ್ನು ಹಿಡಿದರು. ಬಣ್ಣಗಳನ್ನು ಕಾಲದಲ್ಲಿ ಹೆಣೆದು ನೋಡಿದರು, ಕನ್ನಡಿಯಲ್ಲಿ ಒಂದರ ಮೇಲೊಂದು ಇಟ್ಟು ನೋಡಿದರು, ದಿಕ್ಕಿನಿಂದ, ಆಳದಿಂದ, ಪಕ್ಕಪಕ್ಕ ಇಟ್ಟು ನೋಡಿದರು. ಬಹುಪಾಲು ಪ್ರಯತ್ನಗಳು ಅಂಗಡಿಯ ಮುಖ ಕಾಣಲಿಲ್ಲ. ಆದರೆ ಬಣ್ಣ ಎಲ್ಲಿ ಒಂದಾಗುತ್ತದೆ ಎಂಬ ಪ್ರಶ್ನೆಗೆ ಸೋತ ಟ್ಯೂಬುಗಳೂ ಗೆದ್ದ ಟ್ಯೂಬಿನಷ್ಟೇ ಬೆಲೆಯುಳ್ಳ ಸಾಕ್ಷಿಗಳು.

ಟಿವಿ ಕೃಷ್ಣೆ–ತುಂಗಭದ್ರೆಯರ ಈ ಸೀಮೆಗೆ ಬಂದದ್ದು ಕಪ್ಪುಬಿಳುಪಾಗಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ವರೆಗೆ ನಡೆದ ಉಪಗ್ರಹ ಬೋಧನಾ ಪ್ರಯೋಗ ‘ಸೈಟ್’, ಅಮೆರಿಕದ ಎಟಿಎಸ್–6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಚಿತ್ರ ಕಳಿಸಿತು. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳು, ಆಗಿನ ಆಂಧ್ರದಲ್ಲಿ ಮಹಬೂಬ್‌ನಗರವೂ ಸೇರಿದಂತೆ ಕೆಲವು ಜಿಲ್ಲೆಗಳು ಅದರಲ್ಲಿದ್ದವು. ಊರ ಮುಂದೆ ನೆರೆದವರು ನೋಡಿದ ಆ ಬಿಳುಪೂ ಶುದ್ಧ ಬಿಳುಪಾಗಿರಲಿಲ್ಲ. ಕಪ್ಪುಬಿಳುಪು ಟ್ಯೂಬುಗಳಲ್ಲಿ ಸಾಮಾನ್ಯವಾಗಿ ಬಳಸುತ್ತಿದ್ದ ಫಾಸ್ಫರ್, ನೀಲಿಯಾಗಿ ಹೊಳೆಯುವ ಮತ್ತು ಹಳದಿಯಾಗಿ ಹೊಳೆಯುವ ಎರಡು ಪುಡಿಗಳ ಮಿಶ್ರಣ. ಕಣ್ಣಿಗೆ ಅದು ಬಿಳಿ. ಅಂದರೆ ಬಣ್ಣದ ಟಿವಿ ಬರುವ ಮೊದಲೇ ಚಿತ್ರರೂಪದ ಪ್ರಶ್ನೆ ಹಳ್ಳಿಯ ಕಟ್ಟೆಗೆ ಬಂದು ಕೂತಿತ್ತು, ಯಾರಿಗೂ ಕಾಣದ ಹಾಗೆ.

ಬಣ್ಣದ ಮೊದಲ ದಾರಿ ಕಾಲದ್ದು. 1928ರ ಜುಲೈ 3ರಂದು ಲಂಡನ್ನಿನಲ್ಲಿ ಜಾನ್ ಲೋಗಿ ಬೇರ್ಡ್ ಮೂರು ಸುರುಳಿಯಾಗಿ ತೂತು ಕೊರೆದ ತಿರುಗುವ ತಟ್ಟೆಯಿಂದ ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಒಂದಾದ ಮೇಲೊಂದರಂತೆ ತೋರಿಸಿದ. 1940ರಲ್ಲಿ ಅಮೆರಿಕದ ಸಿಬಿಎಸ್ ಕಂಪನಿಯ ಪೀಟರ್ ಗೋಲ್ಡ್‌ಮಾರ್ಕ್ ಇದನ್ನು ಪಿಕ್ಚರ್ ಟ್ಯೂಬಿಗೆ ತಂದ. ಸಾಮಾನ್ಯ ಬಿಳಿ ಟ್ಯೂಬಿನ ಮುಂದೆ ಬಣ್ಣದ ಹಾಳೆಗಳ ಚಕ್ರ ತಿರುಗುತ್ತದೆ. ಅಂತಿಮ ರೂಪದಲ್ಲಿ ಸೆಕೆಂಡಿಗೆ 144 ಚಿತ್ರಭಾಗ, ಚಕ್ರ ನಿಮಿಷಕ್ಕೆ 1,440 ಸುತ್ತು. 1951ರ ಜೂನ್ 25ರಂದು ಅಧಿಕೃತ ಪ್ರಸಾರ ಆರಂಭವಾಗಿ ಅದೇ ಅಕ್ಟೋಬರಿನಲ್ಲಿ ನಿಂತಿತು. ಹಳೆಯ ಸೆಟ್ಟುಗಳಲ್ಲಿ ಈ ಚಿತ್ರ ಮೂಡುತ್ತಿರಲಿಲ್ಲ. ಪರದೆ ದೊಡ್ಡದಾದಷ್ಟೂ ಚಕ್ರ ಅದರ ಎರಡು ಪಟ್ಟಿಗಿಂತ ಹೆಚ್ಚು ಅಗಲವಾಗಬೇಕಿತ್ತು. ಈ ಪದ್ಧತಿಯಲ್ಲಿ ಹಳದಿ ಎಂಬುದು ಪರದೆಯ ಮೇಲೆ ಒಂದು ಕ್ಷಣವೂ ಇಲ್ಲ. ಒಂದು ಕ್ಷಣ ಕೆಂಪು, ಮುಂದಿನ ಕ್ಷಣ ಹಸಿರು, ಅಷ್ಟೆ. ನೋಡುವವನು ಕಣ್ಣನ್ನು ಸರಕ್ಕನೆ ಹೊರಳಿಸಿದರೆ ವಸ್ತುವಿನ ಅಂಚಿನಲ್ಲಿ ಬಣ್ಣಗಳು ಬಿಡಿಬಿಡಿಯಾಗಿ ಚೆಲ್ಲಿದಂತೆ ಕಾಣುತ್ತಿದ್ದವು. (1969ರ ಮೇ ತಿಂಗಳಲ್ಲಿ ಅಪೋಲೋ 10 ಚಂದ್ರನ ಬಳಿಯಿಂದ ಕಳಿಸಿದ ಬಣ್ಣದ ಚಿತ್ರಗಳನ್ನು ತೆಗೆದದ್ದು ಇಂಥದೇ ತಿರುಗುವ ಚಕ್ರದ ಕ್ಯಾಮೆರಾ.)

ಈ ಚಕ್ರದ ಮುಂದೆ ಅಲಾತಚಕ್ರವನ್ನು ನೆನೆಯದಿರುವುದು ಸಾಧ್ಯವಿಲ್ಲ. ಉರಿಯುವ ಕೊಳ್ಳಿಯನ್ನು ಕತ್ತಲಲ್ಲಿ ಗರಗರ ತಿರುಗಿಸಿದಾಗ ಬೆಂಕಿಯ ಬಳೆ ಕಾಣುತ್ತದೆ. ಮಾಂಡೂಕ್ಯ ಕಾರಿಕೆಯ ನಾಲ್ಕನೆಯ ಪ್ರಕರಣಕ್ಕೆ ಗೌಡಪಾದರು ಇದರಿಂದಲೇ ಅಲಾತಶಾಂತಿ ಎಂದು ಹೆಸರಿಟ್ಟರು. ಕೊಳ್ಳಿ ಆಡುವಾಗ ಕಂಡ ಆಕಾರಗಳು ಬೇರೆಡೆಯಿಂದ ಬಂದವೂ ಅಲ್ಲ, ಕೊಳ್ಳಿ ನಿಂತಾಗ ಅದರೊಳಗೆ ಹೊಕ್ಕವೂ ಅಲ್ಲ, ಅವು ಹುಟ್ಟಲೇ ಇಲ್ಲ ಎಂಬುದು ಅವರ ತೀರ್ಮಾನ. ರಾಮಾನುಜರು ಶ್ರೀಭಾಷ್ಯದಲ್ಲಿ ಅದೇ ಕೊಳ್ಳಿಯನ್ನು ಕೈಗೆತ್ತಿಕೊಂಡು ಬೇರೆ ಮಾತು ಹೇಳುತ್ತಾರೆ. ಕೊಳ್ಳಿ ಆ ಸುತ್ತಿನ ಪ್ರತಿಯೊಂದು ಜಾಗದಲ್ಲೂ ನಿಜವಾಗಿ ಇದ್ದಿತು. ವೇಗದಿಂದಾಗಿ ನಡುವಿನ ಅಂತರ ಗ್ರಹಿಕೆಗೆ ಬರಲಿಲ್ಲ. ಕಂಡದ್ದರಲ್ಲಿ ಸುಳ್ಳು ಏನೂ ಇಲ್ಲ, ಕಾಣದೆ ಹೋದದ್ದು ಮಾತ್ರ ಇದೆ. ಸಿಬಿಎಸ್ ಚಕ್ರದ ಮಟ್ಟಿಗೆ ರಾಮಾನುಜರ ವಿವರಣೆಯೇ ಯಂತ್ರದ ನಡೆಗೆ ಹತ್ತಿರ. ಗೋಲ್ಡ್‌ಮಾರ್ಕ್ 144 ಎಂಬ ಸಂಖ್ಯೆಗೆ ಬಂದು ನಿಂತದ್ದು ಅಂತರ ಗ್ರಹಿಕೆಗೆ ಸಿಗದ ವೇಗ ಎಷ್ಟು ಎಂಬ ಲೆಕ್ಕದಿಂದ.

ಎರಡನೆಯ ದಾರಿ ಕನ್ನಡಿಯದು. ಆರ್‌ಸಿಎ ಕಂಪನಿಯ ‘ಟ್ರೈನೋಸ್ಕೋಪ್’ನಲ್ಲಿ ಮೂರು ಬಣ್ಣಕ್ಕೆ ಮೂರು ಪೂರ್ಣ ಟ್ಯೂಬುಗಳು. ಒಂದು ಬಣ್ಣವನ್ನು ಹಾಯಲು ಬಿಟ್ಟು ಇನ್ನೊಂದನ್ನು ಮರಳಿಸುವ ಕನ್ನಡಿಗಳಿಂದ ಮೂರು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸುತ್ತಿದ್ದರು. ಬೆಳಕು ಕಣ್ಣಿಗೆ ಬರುವ ಮೊದಲೇ ಒಂದೇ ಗೆರೆಯಲ್ಲಿ ಬೆರೆತಿರುತ್ತದೆ. ನೀರಿನ ಹನಿ ಇಟ್ಟರೂ ಇಲ್ಲಿ ಚುಕ್ಕೆ ಬೇರೆಯಾಗದು. ಹಾಗೆಂದು ಹಳದಿ ಈಗ ಬೆಳಕಿನಲ್ಲೇ ಇದೆ ಎನ್ನಲಾದೀತೇ? ಪಟ್ಟಕದ ಮೂಲಕ ಹಾಯಿಸಿದರೆ ಆ ಬೆಳಕು ಕೆಂಪಾಗಿ, ಹಸಿರಾಗಿ ಸೀಳುತ್ತದೆ. ಕಡಿಮೆ ಒತ್ತಡದ ಸೋಡಿಯಂ ದೀಪದ ಹಳದಿಯನ್ನು ಅದೇ ಪಟ್ಟಕದಲ್ಲಿ ಹಾಯಿಸಿದರೆ ಅದು ಹಳದಿಯಾಗಿಯೇ ಉಳಿಯುತ್ತದೆ. ಕಣ್ಣಿಗೆ ಎರಡೂ ಒಂದೇ. ಈ ಸಂಗತಿಗೆ ಬಹಳ ತೂಕವಿದೆ. ಬಣ್ಣಗಳು ಪಕ್ಕಪಕ್ಕ ಇದ್ದರೂ, ಒಂದರ ಮೇಲೊಂದು ಇದ್ದರೂ, ಒಂದಾದ ಮೇಲೊಂದು ಬಂದರೂ ಕಣ್ಣಿಗೆ ಅದೇ ಹಳದಿ. ಒಂದುಗೂಡಿಸುವ ಕೊನೆಯ ಕೆಲಸ ಪ್ರತಿ ಯಂತ್ರದಲ್ಲೂ ಕಣ್ಣಿಗೇ ಉಳಿಯಿತು.

ಎಂಜಿನಿಯರುಗಳಿಗೆ ಬೇಕಿದ್ದದ್ದು ಒಂದೇ ಟ್ಯೂಬು. 1944ರ ಆಗಸ್ಟ್ 16ರಂದು ಬೇರ್ಡ್ ತೋರಿಸಿದ ‘ಟೆಲಿಕ್ರೋಮ್’ ಆ ದಿಕ್ಕಿನ ಮೊದಲ ದಿಟ್ಟ ಹೆಜ್ಜೆ. ಗಾಜಿನ ಬುರುಡೆಯೊಳಗೆ ತೆಳ್ಳನೆಯ ಅಭ್ರಕದ ಹಾಳೆ, ಒಂದು ಮೈಗೆ ನೀಲಿಹಸಿರು, ಇನ್ನೊಂದು ಮೈಗೆ ಕಿತ್ತಳೆಗೆಂಪು. ಎರಡು ಬದಿಯಿಂದ ಎರಡು ಎಲೆಕ್ಟ್ರಾನ್ ಗನ್ನುಗಳು ಹಾಳೆಯ ಎರಡೂ ಮೈ ಮೇಲೆ ಚಿತ್ರ ಬರೆಯುತ್ತವೆ, ಬೆಳಕು ಅಭ್ರಕದ ಮೂಲಕ ಹಾಯ್ದು ಬೆರೆಯುತ್ತದೆ. ಮೂರನೆಯ ಬಣ್ಣಕ್ಕಾಗಿ ಹಿಂಬದಿಯ ಮೈಯನ್ನು ಏಣುಏಣಾಗಿಸಿ ಎರಡು ಬಣ್ಣ ಹಚ್ಚುವ ಯೋಜನೆಯೂ ಇತ್ತು. 1946ರಲ್ಲಿ ಬೇರ್ಡ್ ತೀರಿಕೊಂಡ, ಕೆಲಸ ನಿಂತಿತು. ಅದೇ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಭೌತಶಾಸ್ತ್ರ ಅಧ್ಯಾಪಕ ವಿಲರ್ಡ್ ಗೀರ್ ಪರದೆಯ ತುಂಬ ಮೂರು ಮುಖದ ಪುಟ್ಟ ಪಿರಮಿಡ್ಡುಗಳನ್ನು ಜೋಡಿಸುವ ಟ್ಯೂಬನ್ನು ಯೋಚಿಸಿದ. ಪ್ರತಿ ಮುಖಕ್ಕೆ ಒಂದು ಬಣ್ಣ. ಮೂರು ದಿಕ್ಕಿನಲ್ಲಿ ಮೂರು ಗನ್ನು. ಯಾವ ದಿಕ್ಕಿನಿಂದ ಎಲೆಕ್ಟ್ರಾನ್ ಬಂತೋ ಆ ದಿಕ್ಕಿನ ಮುಖವಷ್ಟೇ ಬೆಳಗುತ್ತದೆ. ದೇಗುಲದ ಶಿಖರಕ್ಕೆ ಬೆಳಗಿನ ಬಿಸಿಲು ಬಿದ್ದಾಗ ಪೂರ್ವದ ಮುಖ ಬೆಳಗಿ ಉಳಿದವು ನೆರಳಲ್ಲಿರುವಂತೆ. ಯೋಚನೆ ಚೆಂದ, ಆದರೆ ಬದಿಯಿಂದ ಬರುವ ಕಿರಣ ಪಕ್ಕದ ಮುಖಕ್ಕೂ ಸಿಡಿಯುತ್ತಿತ್ತು, ಓರೆಯಾಗಿ ಬೀಳುವುದರಿಂದ ಚಿತ್ರ ಸೊಟ್ಟಗಾಗುತ್ತಿತ್ತು.

‘ಪೆನಿಟ್ರಾನ್’ ಎಂಬ ಇನ್ನೊಂದು ಬಗೆಯಲ್ಲಿ ಫಾಸ್ಫರ್‌ಗಳನ್ನು ಪದರದ ಮೇಲೆ ಪದರವಾಗಿ ಬಳಿದು, ಎಲೆಕ್ಟ್ರಾನಿನ ವೇಗ ಹೆಚ್ಚಿಸಿ ಒಳಪದರದ ಬಣ್ಣವನ್ನು ಎಬ್ಬಿಸುತ್ತಿದ್ದರು. ಮನೆಯ ಟಿವಿಗೆ ಅದು ಒದಗಲಿಲ್ಲ, ವಿಮಾನ ಮತ್ತು ಸೇನೆಯ ಪರದೆಗಳಲ್ಲಿ ಉಳಿದುಕೊಂಡಿತು.

ಸೈಕ್ಲೋಟ್ರಾನ್ ಕಟ್ಟಿ 1939ರಲ್ಲಿ ನೊಬೆಲ್ ಪಡೆದ ಅರ್ನೆಸ್ಟ್ ಲಾರೆನ್ಸ್ 1950ರ ದಶಕದ ಆರಂಭದಲ್ಲಿ ‘ಕ್ರೋಮಟ್ರಾನ್’ ಮಾಡಿದ. ಒಂದೇ ಗನ್ನು, ಪರದೆಯಲ್ಲಿ ಬಣ್ಣದ ಪಟ್ಟೆಗಳು, ಅವುಗಳ ಹಿಂದೆ ಬಿಗಿದ ತಂತಿಗಳ ಸಾಲು. ತಂತಿಗೆ ಕೊಡುವ ವಿದ್ಯುತ್ತು ಕಿರಣವನ್ನು ಕೊನೆಯ ಗಳಿಗೆಯಲ್ಲಿ ಆಯಾ ಬಣ್ಣದ ಪಟ್ಟೆಗೆ ವಾಲಿಸುತ್ತದೆ. ಇದಕ್ಕೆ ಪ್ಯಾರಾಮೌಂಟ್ ಚಿತ್ರಸಂಸ್ಥೆಯ ಬೆಂಬಲವಿತ್ತು. 1960ರ ದಶಕದಲ್ಲಿ ಸೋನಿ ಇದರ ಪರವಾನಗಿ ಪಡೆದು ಕೈಸುಟ್ಟುಕೊಂಡಿತು: ಮಾರುವ ಬೆಲೆಗಿಂತ ಮಾಡುವ ಖರ್ಚೇ ಹೆಚ್ಚಾಗಿತ್ತು. ಆ ನಷ್ಟದಿಂದ ಹೊರಬರುವ ಹಾದಿಯಲ್ಲಿ ಅದಕ್ಕೆ 1968ರ ‘ಟ್ರಿನಿಟ್ರಾನ್’ ದಕ್ಕಿತು. ಫಿಲ್ಕೋ ಕಂಪನಿಯ ‘ಆಪಲ್’ ಟ್ಯೂಬು ಇನ್ನೂ ಸೂಕ್ಷ್ಮ. ಅಲ್ಲಿ ಬಣ್ಣದ ಪಟ್ಟೆಗಳ ಜೊತೆ ಗುರುತಿನ ಪಟ್ಟೆಗಳೂ ಇದ್ದವು. ಕಿರಣ ಅವುಗಳ ಮೇಲೆ ಹಾಯ್ದಾಗಲೆಲ್ಲ ತಾನೀಗ ಎಲ್ಲಿದ್ದೇನೆ ಎಂಬ ಸೂಚನೆ ಹಿಂದಿರುಗುತ್ತಿತ್ತು, ಅದನ್ನು ನೋಡಿಕೊಂಡು ಮುಂದಿನ ಬಣ್ಣದ ಪ್ರಮಾಣ ನಿರ್ಧಾರವಾಗುತ್ತಿತ್ತು. ಅಡ್ಡ ಮರೆಯಿಲ್ಲದ್ದರಿಂದ ಎಲೆಕ್ಟ್ರಾನ್ ಪೋಲಾಗುತ್ತಿರಲಿಲ್ಲ. ಆ ಕಾಲದ ವಿದ್ಯುತ್ ಮಂಡಲಗಳಿಗೆ ಅಷ್ಟು ಚುರುಕು ಸಾಲದೆ ಅದು ಮಾರುಕಟ್ಟೆಗೆ ಬರಲಿಲ್ಲ.

ಗೆದ್ದದ್ದು ಎಲ್ಲಕ್ಕಿಂತ ಹೆಚ್ಚು ಪೋಲು ಮಾಡುವ ಶ್ಯಾಡೋ ಮಾಸ್ಕ್. ತತ್ತ್ವವನ್ನು 1938ರಲ್ಲೇ ಜರ್ಮನಿಯ ವೆರ್ನರ್ ಫ್ಲೆಕ್ಸಿಗ್ ಪೇಟೆಂಟಿನಲ್ಲಿ ಬರೆದಿದ್ದ. 1949–50ರಲ್ಲಿ ಆರ್‌ಸಿಎ ಹಗಲಿರುಳು ಕೆಲಸ ಹಚ್ಚಿ ಅದನ್ನು ಮಾಡಿ ತೋರಿಸಿತು. ಪರದೆಯ ಹಿಂದೆ ಕೂದಲೆಳೆಯಷ್ಟು ಸಣ್ಣ ತೂತುಗಳ ಲೋಹದ ಜರಡಿ. ಒಂದೊಂದು ತೂತಿನ ಎದುರಿಗೆ ಮೂರು ಚುಕ್ಕೆ. ಮೂರು ಗನ್ನುಗಳು ತುಸು ಬೇರೆಬೇರೆ ಕೋನದಿಂದ ಹಾಯಿಸುವುದರಿಂದ ಪ್ರತಿ ಗನ್ನಿಗೂ ಅದರದೇ ಚುಕ್ಕೆ ಸಿಕ್ಕಿ ಉಳಿದೆರಡು ಜರಡಿಯ ನೆರಳಲ್ಲಿ ಮರೆಯಾಗುತ್ತವೆ. 1950ರ ಮಾರ್ಚಿನಲ್ಲಿ ತೋರಿಸಿದ ಟ್ಯೂಬಿನಲ್ಲಿ ಸುಮಾರು 1,17,000 ತೂತು, 3,51,000 ಚುಕ್ಕೆ. 1954ರಲ್ಲಿ 1,000 ಡಾಲರಿಗೆ ಮಾರಾಟಕ್ಕೆ ಬಂದ ಸಿಟಿ–100 ಸೆಟ್ಟಿನ 15 ಅಂಗುಲದ ಟ್ಯೂಬಿನಲ್ಲಿ ಇನ್ನೂ ಹೆಚ್ಚು. ಇಷ್ಟು ಚುಕ್ಕೆಗಳನ್ನು ಸರಿಯಾದ ಜಾಗದಲ್ಲಿ ಇಡುವ ಉಪಾಯ ಹೆರಾಲ್ಡ್ ಲಾ ಎಂಬವನದು. ಬೆಳಕಿಗೆ ಗಟ್ಟಿಯಾಗುವ ಲೇಪದಲ್ಲಿ ಫಾಸ್ಫರ್ ಬೆರೆಸಿ ಗಾಜಿಗೆ ಬಳಿದು, ಎಲೆಕ್ಟ್ರಾನ್ ಕಿರಣ ಹೊರಳುವ ಬಿಂದುವಿನಲ್ಲಿ ದೀಪವಿಟ್ಟು ಅದೇ ಜರಡಿಯ ಮೂಲಕ ಬೆಳಗಿಸುವುದು. ಬೆಳಕು ಬಿದ್ದ ಕಡೆ ಚುಕ್ಕೆ ನಿಲ್ಲುತ್ತದೆ, ಉಳಿದದ್ದು ತೊಳೆದುಹೋಗುತ್ತದೆ. ಹೀಗೆ ಪ್ರತಿ ಪರದೆಯೂ ತನ್ನ ಜರಡಿಗೆ ಮಾತ್ರ ಜೋಡಿ. ಒಂದರ ಜರಡಿಯನ್ನು ಇನ್ನೊಂದಕ್ಕೆ ಹಾಕಿದರೆ ಬಣ್ಣ ಕೆಡುತ್ತದೆ. ಇದಕ್ಕೆ ತೆತ್ತ ಬೆಲೆ, ಹೊರಟ ಎಲೆಕ್ಟ್ರಾನುಗಳಲ್ಲಿ ನೂರಕ್ಕೆ ಸುಮಾರು 85 ಪಾಲು ಜರಡಿಗೆ ಬಡಿದು ಬರಿಯ ಬಿಸಿಯಾಗುವುದು.

ರಿಪೇರಿ ಅಂಗಡಿಗಳಲ್ಲಿ ‘ರೆಡ್ ಗನ್’, ‘ಬ್ಲೂ ಗನ್’ ಎಂಬ ಮಾತು ರೂಢಿಯಲ್ಲಿತ್ತು. ಆದರೆ ಗನ್ನಿನಿಂದ ಹೊರಡುವ ಎಲೆಕ್ಟ್ರಾನಿಗೆ ಬಣ್ಣವಿಲ್ಲ. ಮೂರು ಗನ್ನಿನಿಂದಲೂ ಹೊರಡುವುದು ಒಂದೇ ಪದಾರ್ಥ. ಕೆಂಪು ಎಂಬುದು ಅದು ಹೋಗಿ ಮುಟ್ಟುವ ಜಾಗದಿಂದ ಬಂದ ಹೆಸರು, ಶಾಸ್ತ್ರದ ಮಾತಿನಲ್ಲಿ ಉಪಚಾರ. ಟ್ಯೂಬಿನ ಹತ್ತಿರ ಸ್ಪೀಕರಿನ ಅಯಸ್ಕಾಂತ ತಂದರೆ ಕಿರಣ ಕೂದಲೆಳೆಯಷ್ಟು ಸರಿದು ಹಸಿರು ಗದ್ದೆಯ ನಡುವೆ ನೇರಳೆ ಕಲೆ ಏಳುತ್ತದೆ. ಇದನ್ನು ಮೆಕ್ಯಾನಿಕ್ ‘ಪ್ಯೂರಿಟಿ ಹೋಗಿದೆ’ ಎಂದು ಗುರುತಿಸಿ, ಕಾಂತತೆ ಕಳೆಯುವ ಡೀಗಾಸಿಂಗ್ ಕಾಯಿಲನ್ನು ಪರದೆಯ ಮುಂದೆ ದೃಷ್ಟಿ ನಿವಾಳಿಸುವಂತೆ ಸುತ್ತಿಸಿ, ನಿಧಾನಕ್ಕೆ ಹಿಂದೆ ಸರಿಯುತ್ತಾ ಸರಿಮಾಡುತ್ತಿದ್ದ. ಭೂಮಿಯ ಕಾಂತಶಕ್ತಿಯೂ ಇದರಲ್ಲಿ ಪಾಲುದಾರ, ದೊಡ್ಡ ಸೆಟ್ಟನ್ನು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ತಿರುಗಿಸಿಟ್ಟರೆ ಬಣ್ಣ ಕದಡಬಹುದು. ಪರದೆಯ ಒಂದು ಹಳದಿಗೆ ಬೇಕಾದ ಕಾರಣಗಳ ಸಾಲು ಇಷ್ಟುದ್ದ: ಫಾಸ್ಫರ್, ಜರಡಿ, ಕೋನ, ಭೂಮಿಯ ಕಾಂತ, ನೋಡುವ ದೂರ, ನೋಡುವವನ ಕಣ್ಣು. ಒಂದು ತಪ್ಪಿದರೂ ಹಳದಿ ಇಲ್ಲ.

ಇಷ್ಟೆಲ್ಲ ತಿಳಿದ ಮೇಲೆ ಮೊದಲ ಪ್ರಶ್ನೆಗೆ ಮರಳಬಹುದು. ಅನ್ನಂಭಟ್ಟನ ಪಕ್ಷ ಪರದೆಯ ಮುಂದೆ ಸೋಲುತ್ತದೆ. ಹಳದಿ ಪರದೆ ಎಂಬ ಅವಯವಿಯ ಗುಣವಾಗಿದ್ದರೆ ನೀರಿನ ಹನಿಯ ಕೆಳಗೆ ಅದು ಮಾಯವಾಗಬಾರದಿತ್ತು. ರಘುನಾಥನ ಪಕ್ಷ ಮೇಲ್ಮೈಯ ಮಟ್ಟಿಗೆ ಗೆಲ್ಲುತ್ತದೆ: ಕೆಂಪು ಇರುವಲ್ಲಿ ಕೆಂಪು, ಹಸಿರು ಇರುವಲ್ಲಿ ಹಸಿರು. ಆದರೆ ಕಂಡ ಹಳದಿ ಎಲ್ಲಿಂದ ಬಂತು ಎಂಬುದಕ್ಕೆ ಅವನಲ್ಲಿ ಉತ್ತರವಿಲ್ಲ. ಧರ್ಮಕೀರ್ತಿ ಅದನ್ನು ತಿಳಿವಿಗೆ ಬಿಡುತ್ತಾನೆ, ಅದು ಅರ್ಧ ಸರಿ. ತಿಳಿವೊಂದೇ ಸಾಕಾಗಿದ್ದರೆ ಹೆರಾಲ್ಡ್ ಲಾ ಅಷ್ಟು ಚುಕ್ಕೆಗಳಿಗೆ ಜಾಗ ಹುಡುಕಬೇಕಿರಲಿಲ್ಲ. ಅದ್ವೈತಿಗಳ ಪ್ರಿಯ ಉದಾಹರಣೆ ದಾಸವಾಳದ ಪಕ್ಕದ ಸ್ಫಟಿಕ. ಹೂವನ್ನು ಸರಿಸಿದರೆ ಸ್ಫಟಿಕ ಮತ್ತೆ ಬಿಳಿ, ಕೆಂಪು ಬಾಧಿತವಾಗುತ್ತದೆ, ಅಂದರೆ ಸುಳ್ಳೆಂದು ತಿಳಿದು ಬಿದ್ದುಹೋಗುತ್ತದೆ. ಪರದೆಯಲ್ಲಿ ಆ ಬಾಧೆ ನಡೆಯುವುದು ಹತ್ತಿರ ಹೋದಾಗ ಮಾತ್ರ, ಸತ್ಯ ತಿಳಿದು ಹಿಂದೆ ಸರಿದವನಿಗೂ ಹಳದಿ ಹಾಗೆಯೇ ಕಾಣುತ್ತದೆ. ಕಾಮಾಲೆಯವನಿಗೆ ಶಂಖ ಹಳದಿಯಾಗಿ ಕಾಣುವುದನ್ನು ರಾಮಾನುಜರು ಭ್ರಮೆಯೆಂದು ತಳ್ಳಿಹಾಕುವುದಿಲ್ಲ. ಕಣ್ಣಿನ ಪಿತ್ತದಲ್ಲಿರುವ ನಿಜವಾದ ಹಳದಿಯೇ ಶಂಖದ ಬಿಳುಪನ್ನು ಮುಚ್ಚುತ್ತದೆ, ಚಿನ್ನ ಬಳಿದ ಶಂಖದಂತೆ ಎನ್ನುತ್ತಾರೆ. ಶರೀರವಿಜ್ಞಾನವಾಗಿ ಅದು ಇಂದು ನಿಲ್ಲದು, ಆದರೆ ಕಂಡದ್ದಕ್ಕೆ ನಿಜವಾದ ಕಾರಣ ಹುಡುಕಬೇಕೆಂಬ ಅವರ ಹಟ ನಿಲ್ಲುತ್ತದೆ.

ಕಣ್ಣಿನ ಪಾಲು ಏನು ಎಂಬುದನ್ನು ಕರ್ನಾಟಕದ ನೆಲದಲ್ಲಿ ಕೂತು ಮತ್ತೆ ಕೆದಕಿದವರು ಸಿ. ವಿ. ರಾಮನ್. ಬೆಂಗಳೂರಿನ ತಮ್ಮ ಸಂಶೋಧನಾಲಯದಲ್ಲಿ ಕೊನೆಯ ವರ್ಷಗಳನ್ನು ಅವರು ಹೂವಿನ ಬಣ್ಣ ಮತ್ತು ದೃಷ್ಟಿಯ ಅಧ್ಯಯನಕ್ಕೆ ಕೊಟ್ಟು, 1968ರಲ್ಲಿ ದೃಷ್ಟಿಯ ಶರೀರಕ್ರಿಯೆಯ ಮೇಲೆ ಪುಸ್ತಕ ಪ್ರಕಟಿಸಿದರು. 1802ರಲ್ಲಿ ಥಾಮಸ್ ಯಂಗ್ ಊಹಿಸಿ ಹೆಲ್ಮ್‌ಹೋಲ್ಟ್ಸ್ ಬೆಳೆಸಿದ, ಕಣ್ಣಿನಲ್ಲಿ ಮೂರೇ ಬಗೆಯ ಗ್ರಾಹಕಗಳಿವೆ ಎಂಬ ಸಿದ್ಧಾಂತವನ್ನು ಅವರು ಒಪ್ಪಲಿಲ್ಲ. ಗ್ರಾಹಕಗಳ ವಿಷಯದಲ್ಲಿ ರಾಮನ್ ತಪ್ಪಿದರು. 1964ರಲ್ಲೇ ಅಮೆರಿಕದ ಪ್ರಯೋಗಾಲಯಗಳು ಮನುಷ್ಯನ ಕಣ್ಣಿನ ಶಂಕುಕೋಶಗಳಲ್ಲಿ ಮೂರು ಬಗೆಯನ್ನು ಅಳೆದು ತೋರಿಸಿದ್ದವು. ಆದರೆ ಮೂರರ ಲೆಕ್ಕದಿಂದ ಬಣ್ಣದ ಅನುಭವ ಪೂರ್ತಿ ವಿವರಿಸಲ್ಪಡದು ಎಂಬ ಅತೃಪ್ತಿಗೆ ಬುಡವಿತ್ತು. ಹಳದಿಯನ್ನು ನೋಡುವಾಗ ಯಾರಿಗೂ ಅದರಲ್ಲಿ ಕೆಂಪು, ಹಸಿರು ಸೇರಿರುವ ಅನುಭವವಾಗುವುದಿಲ್ಲ. ನೇರಳೆಯಲ್ಲಿ ಕೆಂಪು, ನೀಲಿ ಎರಡೂ ಇಣುಕುತ್ತವೆ, ಹಳದಿ ಹಾಗಲ್ಲ. 19ನೆಯ ಶತಮಾನದ ಎವಾಲ್ಡ್ ಹೆರಿಂಗ್ ಹೇಳಿದಂತೆ, ಶಂಕುಕೋಶಗಳ ನಂತರದ ನರಗಳ ಹಂತದಲ್ಲಿ ಕೆಂಪಿಗೆ ಹಸಿರು, ನೀಲಿಗೆ ಹಳದಿ ಎದುರಾಳಿಗಳಾಗಿ ನಿಲ್ಲುತ್ತವೆ ಎಂಬುದು ಈಗ ಒಪ್ಪಿತ. ಟ್ಯೂಬಿನಲ್ಲಿ ಇಲ್ಲದ ಹಳದಿಗೆ ದೃಷ್ಟಿಯ ವ್ಯವಸ್ಥೆಯಲ್ಲಿ ತನ್ನದೇ ಸ್ಥಾನವಿದೆ.

ಈ ಸಂಗತಿಗಳಿಗೆಲ್ಲ ಹೊಂದುವ ಮಾತು ಮಧ್ವರದು. ‘ತತ್ತ್ವಸಂಖ್ಯಾನ’ದಲ್ಲಿ ಅವರು ಇರುವುದನ್ನೆಲ್ಲ ಸ್ವತಂತ್ರ, ಪರತಂತ್ರ ಎಂದು ಎರಡಾಗಿ ವಿಂಗಡಿಸುತ್ತಾರೆ. ಸ್ವತಂತ್ರನು ವಿಷ್ಣು ಒಬ್ಬನೇ, ಉಳಿದದ್ದೆಲ್ಲ ಪರತಂತ್ರ. ಆದರೆ ಪರತಂತ್ರವೆಂದ ಮಾತ್ರಕ್ಕೆ ಅದು ಮಿಥ್ಯೆಯಲ್ಲ. ಒಂದು ದೇಶದಲ್ಲಿ, ಒಂದು ಕಾಲದಲ್ಲಿ ಇದ್ದರೆ ಅದು ಸತ್ಯ, ಎಂದೆಂದೂ ಇರಬೇಕಾದ್ದಿಲ್ಲ. ಮಳಖೇಡದಲ್ಲಿ ವೃಂದಾವನಸ್ಥರೆಂದು ಪೂಜೆಗೊಳ್ಳುವ ಟೀಕಾಚಾರ್ಯ ಜಯತೀರ್ಥರು ಈ ನಿಲುವನ್ನು ‘ನ್ಯಾಯಸುಧೆ’ಯಲ್ಲಿ ಎದುರಾಳಿಗಳ ಪ್ರತಿ ಆಕ್ಷೇಪಕ್ಕೂ ಉತ್ತರಿಸಿ ಗಟ್ಟಿಗೊಳಿಸಿದರು. ಪರದೆಯ ಹಳದಿ ಇಂಥದೊಂದು ಪರತಂತ್ರ ಸತ್ಯ. ಅದು ಫಾಸ್ಫರನ್ನು, ಜರಡಿಯನ್ನು, ದೂರವನ್ನು, ಕಣ್ಣನ್ನು ನೆಚ್ಚಿಕೊಂಡಿದೆ. ನೆಚ್ಚಿಕೊಂಡಿರುವುದು ಅದರ ಸ್ವಭಾವ, ಸುಳ್ಳಿನ ಗುರುತಲ್ಲ. ಡಬಲ್ ಶೇಡ್ ಸೀರೆಯ ಮೂರನೆಯ ಬಣ್ಣಕ್ಕೂ ಇದೇ ಮಾತು ಸಲ್ಲುತ್ತದೆ.

ಈ ತೀರ್ಮಾನ ಪಾಠಶಾಲೆಯ ಜಗಲಿಯಲ್ಲೇ ಉಳಿಯುವಂಥದ್ದಲ್ಲ. ಭಾರತದಲ್ಲಿ 1982ರ ಆಗಸ್ಟ್ 15ರಂದು ರಾಷ್ಟ್ರೀಯ ಬಣ್ಣದ ಪ್ರಸಾರ ಆರಂಭವಾಯಿತು. 1987ರ ಜನವರಿ 25ರಿಂದ 1988ರ ಜುಲೈ 31ರ ವರೆಗೆ ದೂರದರ್ಶನದಲ್ಲಿ ರಾಮಾನಂದ ಸಾಗರರ ‘ರಾಮಾಯಣ’ ಬಂತು. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಟಿವಿಗೆ ಹಾರ ಹಾಕಿ, ಆರತಿ ಎತ್ತಿ ನೋಡಿದ ಮನೆಗಳು ದೇಶದ ತುಂಬ ಇದ್ದವು. ಇದು ದರ್ಶನವೇ, ಅಲ್ಲವೇ ಎಂಬ ಪ್ರಶ್ನೆ ಆಗಲೂ ಎದ್ದಿತು. 625 ಗೆರೆ, ಸೆಕೆಂಡಿಗೆ 25 ಚಿತ್ರ ಎಂಬ ಲೆಕ್ಕದಲ್ಲಿ ಕಿರಣ ಯಾವ ಗಳಿಗೆಯಲ್ಲೂ ಪರದೆಯ ಒಂದು ಬಿಂದುವನ್ನಷ್ಟೇ ಮುಟ್ಟಿರುತ್ತದೆ. ರಾಮನ ಪೂರ್ಣ ಮುಖ ಒಂದೇ ಸಲಕ್ಕೆ ಗಾಜಿನ ಮೇಲೆ ಬರೆಯಲ್ಪಡುವುದಿಲ್ಲ. ಅದನ್ನು ಪೂರ್ಣಗೊಳಿಸುವುದು ನೋಡುವವರ ಕಣ್ಣು. ಆಗಮಗಳು ವಿಗ್ರಹಕ್ಕೆ ವಿಧಿಸುವ ಪ್ರತಿಷ್ಠೆ, ಆವಾಹನೆಗಳು ಇಲ್ಲಿಲ್ಲ, ಹಾಗಾಗಿ ಟಿವಿ ಅರ್ಚೆಯಲ್ಲ. ಆದರೆ ಬಿಂಬವನ್ನು ನೆಚ್ಚಿದ ಪ್ರತಿಬಿಂಬಕ್ಕೆ ಕೈಮುಗಿದವರು ಮರುಳಾಗಿದ್ದರು ಎನ್ನುವುದು ಅವಸರದ ಮಾತು. ಅವರು ಪೂಜಿಸಿದ್ದು ಗಾಜನ್ನಲ್ಲ. ಅವರ ನೋಟ ಆ ಚಿತ್ರದ ತಯಾರಿಕೆಯಲ್ಲಿ ಪಾಲು ಹೊಂದಿತ್ತು.

ಪಿಕ್ಚರ್ ಟ್ಯೂಬುಗಳ ಕಾಲ ಮುಗಿದಿದೆ. ಎಲ್‌ಇಡಿ ಪರದೆಯಲ್ಲಿ ಗನ್ನಿಲ್ಲ, ಜರಡಿಯಿಲ್ಲ, ಕಾಯಿಲ್ ಸುತ್ತುವ ಮೆಕ್ಯಾನಿಕ್ಕನೂ ಬೇಕಿಲ್ಲ. 2010ರಲ್ಲಿ ಜಪಾನಿನ ಶಾರ್ಪ್ ಕಂಪನಿ ಕೆಂಪು, ಹಸಿರು, ನೀಲಿಗಳ ಜೊತೆಗೆ ನಾಲ್ಕನೆಯದಾಗಿ ಹಳದಿ ಚುಕ್ಕೆಯನ್ನೂ ಇಟ್ಟು ‘ಕ್ವಾಟ್ರಾನ್’ ಎಂಬ ಟಿವಿ ತಂದಿತು. ಅದಕ್ಕೆ ಬರುತ್ತಿದ್ದ ಪ್ರಸಾರದಲ್ಲಿ ಮಾತ್ರ ಹಳದಿಯ ಸಂಕೇತವಿರಲಿಲ್ಲ, ಮೂರರಿಂದಲೇ ಅದನ್ನು ಲೆಕ್ಕ ಹಾಕಿ ತೆಗೆಯಬೇಕಿತ್ತು. ಆ ಬಗೆಯ ಟಿವಿ ಬಳಕೆಯಲ್ಲಿ ಉಳಿಯಲಿಲ್ಲ. ಇಂದಿನ ಮೊಬೈಲ್ ಪರದೆಯ ಮೇಲೆ ಒಂದು ಹನಿ ನೀರು ಬಿದ್ದಾಗಲೂ ಅರಿಸಿನದ ಜಾಗದಲ್ಲಿ ಕಾಣುವುದು ಕೆಂಪು ಮತ್ತು ಹಸಿರು.